ಬೇಸಿಗೆಗೆ ಮಾತ್ರ ತೆರೆಯುವ ಬಯಲು

ಮುಂಗಾರಿನ ಮೊದಲ ಹದ ಮಳೆ ಬಿದ್ದ ಮರುದಿನ ಬೆಳಿಗ್ಗೆ, ಬಯಲುಸೀಮೆಯ ಹೊಲದ ಬದುವಿನಲ್ಲೋ ಶಾಲೆಯ ಹಿಂದಿನ ಹುಲ್ಲಿನಲ್ಲೋ ಕಡುಗೆಂಪು ಮಖಮಲ್ಲಿನ ಚೂರೊಂದು ಹರಿದಾಡುತ್ತಿರುತ್ತದೆ. ಹೆಬ್ಬೆರಳಿನ ಉಗುರಿಗಿಂತ ಚಿಕ್ಕದು. ಮುಟ್ಟಿದರೆ ಕಾಲು ಮಡಚಿ ಉಂಡೆಯಾಗುತ್ತದೆ. ಅಂಗೈಯಲ್ಲಿಟ್ಟುಕೊಂಡು ಅಲುಗಾಡದೆ ಕಾದರೆ ಮತ್ತೆ ಕಾಲು ಬಿಚ್ಚಿ ಹೊರಡುತ್ತದೆ. ಎಣಿಸಲು ಈಗಷ್ಟೇ ಕಲಿತ ಮಗುವಿಗೆ ಅದರ ಕಾಲು ಲೆಕ್ಕ ಹಾಕುವುದೇ ಒಂದು ಆಟ. ಎಂಟು. ಇರುವೆಗೆ ಆರೇ ಆರು. ಹಾಗಾದರೆ ಇದು ಯಾರ ನೆಂಟ? ಜೇಡನ ನೆಂಟ. ಮರಾಠಿಯವರು ಇದನ್ನು ಮೃಗಶಿರ ಮಳೆಯ ಹೆಸರಿನಿಂದ, ತೆಲುಗರು ಆರಿದ್ರಾ ಮಳೆಯ ಹೆಸರಿನಿಂದ ಕರೆಯುತ್ತಾರೆ. ಈ ಹುಳು ನೆಲದ ಮೇಲೆ ಕಾಣಿಸುವುದು ಆ ಮಳೆಗಳ ಕೆಲವೇ ದಿನ. ಆಮೇಲೆ ಮಣ್ಣಿನೊಳಗೆ ಇಳಿದರೆ ಮುಗಿಯಿತು, ಮುಂದಿನ ವರ್ಷದ ಮಾತು.

ಇಷ್ಟು ಹೊತ್ತಿಗೆ ಕರ್ನಾಟಕದ ‘ನಿಸರ್ಗ ಶಿಬಿರ’ಗಳೆಲ್ಲ ಬಾಗಿಲು ಹಾಕಿ ಒಂದೆರಡು ವಾರ ಕಳೆದಿರುತ್ತದೆ.

ಶಾಲಾ ವರ್ಷದ ಲೆಕ್ಕವೇ ಹಾಗಿದೆ. ಏಪ್ರಿಲ್, ಮೇ ರಜೆ. ಮಕ್ಕಳನ್ನು ಹೊರಗೆ ಕರೆದೊಯ್ಯುವ ಚಟುವಟಿಕೆಗಳೆಲ್ಲ ಆ ಏಳೆಂಟು ವಾರಗಳಲ್ಲಿ ಕಿಕ್ಕಿರಿದಿರುತ್ತವೆ. ಕೆರೆ ಒಣಗಿ, ಹುಲ್ಲು ಸುಟ್ಟು, ಹತ್ತು ಗಂಟೆಗೇ ಬಿಸಿಲು ನೆತ್ತಿಗೆ ಹೊಡೆಯುವ ಕಾಲದಲ್ಲಿ ಮಕ್ಕಳಿಗೆ ‘ಪ್ರಕೃತಿ ಪರಿಚಯ’. ನೆಲ ಮೊಳೆಯುವ ಜೂನ್, ಕಪ್ಪೆ ವಟಗುಟ್ಟುವ ಜುಲೈ, ಚಿಟ್ಟೆಗಳ ಸೆಪ್ಟೆಂಬರ್, ಜೇಡರ ಬಲೆಗಳ ಮೇಲೆ ಇಬ್ಬನಿ ಕೂರುವ ಡಿಸೆಂಬರ್, ಈ ಎಲ್ಲ ಹೊತ್ತಿನಲ್ಲೂ ಮಗು ಕೋಣೆಯೊಳಗೆ. ಮಲೆನಾಡು, ಕರಾವಳಿ, ಕೊಡಗಿನಲ್ಲಂತೂ ಮಳೆ ಜೋರಾದರೆ ಜಿಲ್ಲಾಧಿಕಾರಿಯ ರಜೆ ಘೋಷಣೆ ಬರುತ್ತದೆ. ರಸ್ತೆ, ಹಳ್ಳ, ಕಾಲುಸಂಕಗಳ ಸ್ಥಿತಿ ನೋಡಿದರೆ ಆ ರಜೆ ನ್ಯಾಯವಾದದ್ದೇ. ಆದರೆ ಮಳೆಗಾಲವೆಂದರೆ ಒಳಗಿರುವ ಕಾಲ ಎಂಬುದು ಮಗುವಿನ ತಲೆಯಲ್ಲಿ ಬೇರೂರುವುದೂ ಹೀಗೆಯೇ.

ಪುಟ್ಟ ಮಕ್ಕಳನ್ನು ಋತುವಿನ ಜೊತೆಗೆ ಹೊರಗೆ ಬೆಳೆಸುವ ಪ್ರಯೋಗಗಳು ಜಗತ್ತಿನ ಬೇರೆ ಬೇರೆ ಕಡೆ ಎಪ್ಪತ್ತು ವರ್ಷಗಳಿಂದ ನಡೆದಿವೆ. ಅವುಗಳಲ್ಲಿ ಯಾವುದು ನಿಂತಿತು, ಯಾವುದಕ್ಕೆ ಪುರಾವೆ ಇದೆ, ಇಲ್ಲಿನ ಮಣ್ಣಿಗೆ ಯಾವುದು ಹೊಂದುತ್ತದೆ ಎಂದು ಒಮ್ಮೆ ಸಾಲಾಗಿ ನೋಡುವುದು ಒಳ್ಳೆಯದು.

ಹಿಮದ ನಾಡಿನ ಬಾಲವಾಡಿಗಳು

ಕಿಂಡರ್‌ಗಾರ್ಟನ್ ಎಂಬ ಮಾತಿನ ಅರ್ಥವೇ ಮಕ್ಕಳ ತೋಟ. ಜರ್ಮನಿಯ ಫ್ರೆಡ್ರಿಕ್ ಫ್ರೋಬೆಲ್ 1840ರಲ್ಲಿ ತನ್ನ ಶಾಲೆಗೆ ಆ ಹೆಸರಿಟ್ಟಾಗ ಅದು ಬರೀ ಉಪಮೆಯಾಗಿರಲಿಲ್ಲ; ಮಗುವಿಗೊಂದು ಪಾತಿ, ಅದರಲ್ಲಿ ಅದೇ ಬಿತ್ತಿದ ಗಿಡ ಎಂಬುದು ಅವನ ಪಾಠಕ್ರಮದ ಭಾಗವಾಗಿತ್ತು. ಹೆಸರು ಜಗತ್ತೆಲ್ಲ ಹಬ್ಬಿತು, ತೋಟ ಹಿಂದೆಯೇ ಉಳಿಯಿತು.

ಅದನ್ನು ಮರಳಿ ತಂದದ್ದು ಡೆನ್ಮಾರ್ಕಿನ ಒಬ್ಬ ತಾಯಿ. 1950ರ ದಶಕದ ಆರಂಭದಲ್ಲಿ ಎಲ್ಲಾ ಫ್ಲಾಟೌ ಎಂಬಾಕೆ ತನ್ನ ಮಕ್ಕಳನ್ನೂ ನೆರೆಮನೆಯ ಮಕ್ಕಳನ್ನೂ ದಿನವೂ ಕಾಡಿಗೆ ಕರೆದೊಯ್ಯುತ್ತಿದ್ದಳು. ಬೇರೆ ತಂದೆತಾಯಂದಿರೂ ಸೇರಿಕೊಂಡರು; ಗೋಡೆಯಿಲ್ಲದ ಬಾಲವಾಡಿಯೊಂದು ತಾನಾಗಿ ಹುಟ್ಟಿತು. 1957ರಲ್ಲಿ ಸ್ವೀಡನ್ನಿನ ಯೋಸ್ತಾ ಫ್ರೋಮ್ ಎಂಬಾತ ಇನ್ನೊಂದು ದಾರಿ ಹಿಡಿದ. ಮಕ್ಕಳಿಗೆ ಕಾಡನ್ನು ಪರಿಚಯಿಸಲು ‘ಸ್ಕೂಗ್ಸ್‌ಮುಲ್ಲೆ’ ಎಂಬ ಪಾತ್ರವನ್ನು ಕಟ್ಟಿದ. ಬರ್ಚ್ ತೊಗಟೆಯ ಟೊಪ್ಪಿ, ಹಸಿರು ಬಟ್ಟೆ, ಹಿಂದೊಂದು ಬಾಲ. ‘ಕೊಲ್ಲಿಕೋಕ್!’ ಎಂದು ಮಕ್ಕಳು ಕೂಗಿದರೆ ಮರಗಳ ಮರೆಯಿಂದ ಬರುತ್ತಾನೆ. ಸ್ವೀಡಿಷ್ ಭಾಷೆಯಲ್ಲಿ ‘ಮುಲ್’ ಎಂದರೆ ಎಲೆಗೊಬ್ಬರದ ಮಣ್ಣು. ಮಣ್ಣೇ ಎದ್ದು ಬಂದು ಮಾತಾಡಿದ ಹಾಗೆ. 1892ರಲ್ಲಿ ಹುಟ್ಟಿದ ‘ಫ್ರೀಲುಫ್ಟ್ಸ್‌ಫ್ರೆಮ್ಯಾಂಡೆಟ್’ ಎಂಬ ಹೊರಾಂಗಣ ಸಂಘ ಈ ಪಾತ್ರವನ್ನಿಟ್ಟುಕೊಂಡು ಐದಾರು ವರ್ಷದ ಲಕ್ಷಾಂತರ ಮಕ್ಕಳಿಗೆ ‘ಮುಲ್ಲೆ ಶಾಲೆ’ ನಡೆಸಿತು. ಅದೇ ಬಳಗದಿಂದ 1985ರಲ್ಲಿ, ಮಳೆಯಿರಲಿ ಬಿಸಿಲಿರಲಿ ಹೊರಗೇ ನಡೆಯುವ ಬಾಲವಾಡಿಗಳು ಶುರುವಾದವು.

ಜರ್ಮನಿಯಲ್ಲಿ ಮೊದಲ ಕಾಡು ಬಾಲವಾಡಿಯನ್ನು 1968ರಲ್ಲಿ ವೀಸ್‌ಬಾಡೆನ್‌ನಲ್ಲಿ ಉರ್ಸುಲಾ ಸೂಬೆ ಆರಂಭಿಸಿದರೂ, ಅದು ಬಹುಕಾಲ ಒಂಟಿಯಾಗಿಯೇ ಉಳಿಯಿತು. 1993ರಲ್ಲಿ ಡೆನ್ಮಾರ್ಕ್ ಗಡಿಯ ಫ್ಲೆನ್ಸ್‌ಬುರ್ಗ್‌ನಲ್ಲಿ ಇಬ್ಬರು ಶಿಕ್ಷಕಿಯರು ತೆರೆದ ಕಾಡು ಬಾಲವಾಡಿಗೆ ಸರ್ಕಾರದ ಮಾನ್ಯತೆ ಸಿಕ್ಕಿತು. ಮಾನ್ಯತೆಯ ಜೊತೆಗೆ ಅನುದಾನದ ದಾರಿಯೂ ತೆರೆಯಿತು. ಅಲ್ಲಿಂದ ಮುಂದೆ ಸಂಖ್ಯೆ ಸಾವಿರ ದಾಟಿತು.

ಅಲ್ಲಿನ ಒಂದು ದಿನ ಹೀಗಿರುತ್ತದೆ. ಬೆಳಿಗ್ಗೆ ಕಾಡಂಚಿನಲ್ಲಿ ಹದಿನೈದಿಪ್ಪತ್ತು ಮಕ್ಕಳು, ಇಬ್ಬರು ಮೂವರು ಹಿರಿಯರು. ಮಕ್ಕಳ ಮೈಮೇಲೆ ನೀರಿಳಿಯದ ಪ್ಯಾಂಟು, ಬೆನ್ನಿಗೆ ಪುಟ್ಟ ಚೀಲ, ಅದರಲ್ಲಿ ಬುತ್ತಿ, ನೀರು, ಕೂರಲೊಂದು ಚಾಪೆ ಚೂರು. ವೃತ್ತವಾಗಿ ನಿಂತು ಹಾಜರಿ. ಆಮೇಲೆ ನಡಿಗೆ. ದಾರಿಯಲ್ಲಿ ಗುರುತಿನ ಮರಗಳಿರುತ್ತವೆ. ಮುಂದೆ ಓಡಿದವರು ಆ ಮರದ ಹತ್ತಿರ ನಿಂತು ಉಳಿದವರಿಗಾಗಿ ಕಾಯಬೇಕು. ಕಣ್ಣಿಗೆ ಕಾಣುವಷ್ಟು, ಕೂಗಿದರೆ ಕೇಳುವಷ್ಟು ದೂರದವರೆಗೆ ಮಾತ್ರ ಸ್ವಾತಂತ್ರ್ಯ. ನೆಲದ ಹಣ್ಣನ್ನು ಕಿತ್ತು ಬಾಯಿಗೆ ಹಾಕುವಂತಿಲ್ಲ, ನರಿಯ ಹಿಕ್ಕೆಯಿಂದ ಹರಡುವ ಲಾಡಿಹುಳುವಿನ ಭಯ. ಮನೆಗೆ ಹೋದ ಮೇಲೆ ಮೈಮೇಲೆ ಉಣುಗು ಹತ್ತಿದೆಯೇ ಎಂದು ತಾಯಿತಂದೆ ನೋಡಲೇಬೇಕು. ಬಿರುಗಾಳಿಯ ಮುನ್ಸೂಚನೆ ಇದ್ದ ದಿನ ಕಾಡಿಗೆ ಹೋಗುವುದಿಲ್ಲ, ಕೊಂಬೆ ಮುರಿದು ಬೀಳಬಹುದು. ಮಳೆಗೆ, ಹಿಮಕ್ಕೆ ಮಾತ್ರ ರಜೆಯಿಲ್ಲ. ಚಳಿ ತಡೆಯದಾದಾಗ ಒಳಸೇರಲು ಒಲೆಯಿರುವ ಗಾಲಿಮನೆಯೊಂದು ಪಕ್ಕದಲ್ಲೇ ನಿಂತಿರುತ್ತದೆ.

ಬ್ರಿಟನ್ನಿಗೆ ಇದು ತಲುಪಿದ್ದೂ 1993ರಲ್ಲೇ. ಬ್ರಿಜ್‌ವಾಟರ್ ಕಾಲೇಜಿನ ಶಿಶುಶಿಕ್ಷಣ ವಿಭಾಗದವರು ಡೆನ್ಮಾರ್ಕ್ ನೋಡಿ ಬಂದು ‘ಫಾರೆಸ್ಟ್ ಸ್ಕೂಲ್’ ಆರಂಭಿಸಿದರು. ಮುಂದೆ ಆ ಚಳವಳಿ ತನ್ನ ತತ್ವಗಳನ್ನು ಬರೆದಿಟ್ಟುಕೊಂಡಾಗ ಒಂದು ವಿಷಯದಲ್ಲಿ ಬಿಗಿಯಾಗಿ ನಿಂತಿತು: ಒಂದು ದಿನದ ಪ್ರವಾಸ ಫಾರೆಸ್ಟ್ ಸ್ಕೂಲ್ ಆಗುವುದಿಲ್ಲ; ಮತ್ತೆ ಮತ್ತೆ, ಬಹುಕಾಲ, ಋತು ಬದಲಾಗುವುದನ್ನು ಕಾಣುವಷ್ಟು ಸಲ ಹೋಗಬೇಕು. ಅಮೆರಿಕದ ವಾಷಿಂಗ್ಟನ್ ರಾಜ್ಯ 2019ರಲ್ಲಿ ಇಂಥ ಹೊರಾಂಗಣ ಬಾಲವಾಡಿಗಳಿಗೆ ಪರವಾನಗಿ ಕೊಡುವ ವ್ಯವಸ್ಥೆ ತಂದ ಆ ದೇಶದ ಮೊದಲ ರಾಜ್ಯವಾಯಿತು. ದಕ್ಷಿಣ ಕೊರಿಯಾದಲ್ಲಿ ಅರಣ್ಯ ಇಲಾಖೆಯೇ ಪುಟ್ಟ ಮಕ್ಕಳ ಕಾಡು ಕೇಂದ್ರಗಳಿಗೆ ಬೆನ್ನಾಗಿ ನಿಂತಿದೆ.

ಪುರಾವೆ ಎಷ್ಟು, ಉತ್ಸಾಹ ಎಷ್ಟು

ಮಣ್ಣಿನಲ್ಲಿ ಆಡಿದರೆ ಮಗು ಗಟ್ಟಿಯಾಗುತ್ತದೆ ಎಂದು ಅಜ್ಜಿಯರು ಹೇಳುತ್ತಲೇ ಬಂದಿದ್ದಾರೆ. ಅದನ್ನು ಅಳೆದು ನೋಡಿದ ಕೆಲವು ಅಧ್ಯಯನಗಳಿವೆ.

ಫಿನ್ಲೆಂಡಿನಲ್ಲಿ ಸಂಶೋಧಕರು ಜಲ್ಲಿ ಹಾಸಿದ ಕೆಲವು ಶಿಶುವಿಹಾರಗಳ ಅಂಗಳಕ್ಕೆ ಕಾಡಿನ ನೆಲವನ್ನೇ ತಂದು ಹಾಸಿದರು. ಪಾಚಿ, ಕುರುಚಲು ಗಿಡ, ಹುಲ್ಲಿನ ಹಾಸು, ಗಿಡ ನೆಡುವ ಪೆಟ್ಟಿಗೆಗಳು. ಅಧ್ಯಯನದಲ್ಲಿದ್ದವರು ಮೂರರಿಂದ ಐದು ವರ್ಷದ 75 ಮಕ್ಕಳು. ಹಸಿರು ಅಂಗಳದಲ್ಲಿ 28 ದಿನ ಆಡಿದವರ ಚರ್ಮದ ಮೇಲಿನ ಸೂಕ್ಷ್ಮಜೀವಿಗಳ ವೈವಿಧ್ಯ ಹೆಚ್ಚಿತ್ತು. ರಕ್ತದಲ್ಲಿ ರೋಗನಿರೋಧಕ ವ್ಯವಸ್ಥೆಯ ಸಮತೋಲವನ್ನು ಸೂಚಿಸುವ ಗುರುತುಗಳೂ ಬದಲಾಗಿದ್ದವು. 2020ರಲ್ಲಿ ಪ್ರಕಟವಾದ ಈ ಫಲಿತಾಂಶ ಜಗತ್ತಿನ ಗಮನ ಸೆಳೆಯಿತು. ಮಕ್ಕಳ ಸಂಖ್ಯೆ ಸಣ್ಣದು, ಅವಧಿ ಒಂದೇ ತಿಂಗಳು ಎಂಬುದನ್ನೂ ಜೊತೆಗೇ ಹೇಳಬೇಕು.

ಕಣ್ಣಿನ ವಿಷಯದಲ್ಲಿ ಪುರಾವೆ ಇನ್ನಷ್ಟು ಗಟ್ಟಿ. ಚೀನಾದ ಗ್ವಾಂಗ್‌ಝೌ ನಗರದ 12 ಶಾಲೆಗಳಲ್ಲಿ ಒಂದನೇ ತರಗತಿಯ ಮಕ್ಕಳನ್ನು ಎರಡು ಪಾಲು ಮಾಡಿ, ಒಂದು ಪಾಲಿನ ಶಾಲೆಗಳಲ್ಲಿ ದಿನಕ್ಕೆ 40 ನಿಮಿಷ ಹೆಚ್ಚಿಗೆ ಹೊರಗೆ ಬಿಟ್ಟರು. ಮೂರು ವರ್ಷದ ನಂತರ ಹೊರಗೆ ಹೋದವರಲ್ಲಿ ಹೊಸದಾಗಿ ಸಮೀಪದೃಷ್ಟಿ ಬಂದವರು ನೂರಕ್ಕೆ 30.4, ಉಳಿದವರಲ್ಲಿ 39.5. ಇಲ್ಲಿ ಕೆಲಸ ಮಾಡಿದ್ದು ಕಾಡಲ್ಲ, ಬಯಲಿನ ಬೆಳಕು. ಶಾಲೆಯ ಮೈದಾನವೂ ಸಾಕಾಗುತ್ತದೆ ಎಂಬುದು ಇದರ ತಾತ್ಪರ್ಯ. ನಾರ್ವೆಯ ಇಂಗುನ್ ಫ್ಯೋರ್ಟಾಫ್ಟ್ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಏರುಪೇರು ಕಾಡುನೆಲದಲ್ಲಿ ಆಡಿದ ಐದರಿಂದ ಏಳು ವರ್ಷದ ಮಕ್ಕಳು ಸಮತೋಲ, ಅಂಗಚಲನೆಯ ಹೊಂದಾಣಿಕೆಗಳಲ್ಲಿ ಮುಂದಿದ್ದರು.

ಇದಕ್ಕಿಂತ ಆಚೆಗಿನ ಹಲವು ಹೇಳಿಕೆಗಳು ಉತ್ಸಾಹದವು. ಅಮೆರಿಕದ ರಿಚರ್ಡ್ ಲೂವ್ 2005ರ ತನ್ನ ಪುಸ್ತಕದಲ್ಲಿ ಬಳಸಿದ ‘ನಿಸರ್ಗ ಕೊರತೆಯ ಬೇನೆ’ ಎಂಬ ಮಾತು ಬಹಳ ಓಡಾಡಿತು. ಅದು ವೈದ್ಯಕೀಯ ಹೆಸರಲ್ಲ, ಲೇಖಕ ಟಂಕಿಸಿದ ಮಾತು. ಇನ್ನೊಂದು ತೊಡಕೂ ಇದೆ: ಕಾಡು ಶಾಲೆಗೆ ಮಗುವನ್ನು ಕಳಿಸುವ ಮನೆಗಳು ಸಾಮಾನ್ಯವಾಗಿ ಓದಿದ, ಬಿಡುವಿರುವ ಮನೆಗಳು. ಆ ಮಗು ಚೂಟಿಯಾಗಿದ್ದರೆ ಕಾಡಿಗೆ ಎಷ್ಟು ಪಾಲು, ಮನೆಗೆ ಎಷ್ಟು ಪಾಲು ಎಂದು ಬಿಡಿಸಿ ಹೇಳುವುದು ಸುಲಭವಲ್ಲ.

ಪಂಚಾಂಗದಲ್ಲೇ ಇದ್ದ ಪಠ್ಯ

ಭಾರತಕ್ಕೆ ಈ ವಿಚಾರ ಹೊರಗಿನಿಂದ ಬರಬೇಕಾಗಿರಲಿಲ್ಲ. 1901ರಲ್ಲಿ ಐವರು ವಿದ್ಯಾರ್ಥಿಗಳೊಂದಿಗೆ ಶಾಂತಿನಿಕೇತನದ ಶಾಲೆ ತೆರೆದ ರವೀಂದ್ರನಾಥ ಠಾಕೂರರು ಮರದ ಕೆಳಗೆ ಪಾಠ ಮಾಡಿಸಿದ್ದಷ್ಟೇ ಅಲ್ಲ, ಶಾಲೆಯ ವರ್ಷವನ್ನೇ ಋತುಗಳ ಸುತ್ತ ಹೆಣೆದರು. ಮಳೆಗೊಂದು ಉತ್ಸವ, ವಸಂತಕ್ಕೊಂದು, ನೇಗಿಲಿಗೊಂದು. 1928ರಲ್ಲಿ ಶುರುವಾದ ವೃಕ್ಷಾರೋಪಣದಲ್ಲಿ ಸಸಿಯನ್ನು ಪಲ್ಲಕ್ಕಿಯಲ್ಲಿಟ್ಟು ಹಾಡುತ್ತ ತರುತ್ತಾರೆ. ಮಳೆಗಾಲದ ನಡುವೆ ಅದು ಇಂದಿಗೂ ನಡೆಯುತ್ತದೆ.

ಕರ್ನಾಟಕದಲ್ಲಿ ಶಿವರಾಮ ಕಾರಂತರು 1930ರ ದಶಕದಲ್ಲಿ ಪುತ್ತೂರಿನ ಗುಡ್ಡದಲ್ಲಿ ‘ಬಾಲವನ’ ಕಟ್ಟಿದರು. ಮಕ್ಕಳು ಆಡುತ್ತ, ಕುಣಿಯುತ್ತ, ಸುತ್ತಾಡುತ್ತ ಕಲಿಯಬೇಕೆಂಬುದು ಅವರ ಹಟ. ಅದೇ ದಶಕದಲ್ಲಿ ‘ಬಾಲಪ್ರಪಂಚ’ದ ಸಂಪುಟಗಳನ್ನು ಬರೆದು, ಹುಳುಹುಪ್ಪಟೆಯಿಂದ ನಕ್ಷತ್ರದವರೆಗೆ ಮಕ್ಕಳ ಮುಂದೆ ಹರಡಿದರು. ಮುಂದೆ ಪೂರ್ಣಚಂದ್ರ ತೇಜಸ್ವಿಯವರ ‘ಪರಿಸರದ ಕತೆ’ ಓದಿ ಕಾಡಿನ ಕಡೆ ತಿರುಗಿದವರ ತಲೆಮಾರೇ ಒಂದಿದೆ. ಆದರೆ ಅದು ಓದಲು ಬಂದ ಮೇಲಿನ ಮಾತು. ಮೂರು, ನಾಲ್ಕು ವರ್ಷದ ಮಗುವಿಗೆ ಪುಸ್ತಕವಿಲ್ಲದೆಯೇ ಒಂದು ಪಠ್ಯವಿತ್ತು. ಅದು ಹಬ್ಬಗಳ ರೂಪದಲ್ಲಿತ್ತು.

ಉತ್ತರ ಕರ್ನಾಟಕದ ಮಣ್ಣೆತ್ತಿನ ಅಮಾವಾಸ್ಯೆಯನ್ನೇ ನೋಡಬಹುದು. ಮುಂಗಾರು ಹಿಡಿದ ಮೇಲೆ ಬರುವ ಹಬ್ಬ. ಕೆರೆಯಂಗಳದಿಂದಲೋ ಹೊಲದಿಂದಲೋ ಎರೆಮಣ್ಣು ತಂದು, ಹದವಾಗಿ ನಾದಿ, ಜೋಡೆತ್ತು ಮಾಡುತ್ತಾರೆ. ಮಣ್ಣು ತೀರ ಒದ್ದೆಯಾದರೆ ಎತ್ತು ಕುಸಿದು ಕೂರುತ್ತದೆ, ಒಣಗಿದರೆ ಕೊಂಬು ಬಿರಿಯುತ್ತದೆ. ಅದರ ಮುಂದೆ ಪುಟ್ಟ ಗೋದಲಿ, ಕಣ್ಣಿಗೆ ಜೋಳವೋ ಗುಲಗಂಜಿಯೋ. ಆಷಾಢದ ಮಂಗಳವಾರಗಳಲ್ಲಿ ಅದೇ ಮಣ್ಣಿನ ಗುಳ್ಳವ್ವ. ಶ್ರಾವಣದ ನಾಗರಪಂಚಮಿಗೆ ಮರಕ್ಕೆ ಜೋಕಾಲಿ. ಚಳಿಯಲ್ಲಿ ಎಳ್ಳಮಾವಾಸ್ಯೆಗೆ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ಬೆಳೆಯ ನಡುವೆ ಕೂತು ಊಟ. ತುಳುನಾಡಿನಲ್ಲಿ ಗದ್ದೆಗಿಳಿದು ಆಡುವ ‘ಕೆಸರ್‌ಡೊಂಜಿ ದಿನ’ ಈಗ ಊರೂರಿನ ಕಾರ್ಯಕ್ರಮ. ಇದಲ್ಲದೆ ಅಶ್ವಿನಿಯಿಂದ ಹಿಡಿದು ಹದಿಮೂರು, ಹದಿನಾಲ್ಕು ದಿನಕ್ಕೊಂದರಂತೆ ಬದಲಾಗುವ ಮಳೆನಕ್ಷತ್ರಗಳ ಲೆಕ್ಕವಿದೆ. ರೋಹಿಣಿಯಲ್ಲಿ ಏನು ಬಿತ್ತಬೇಕು, ಪುನರ್ವಸುವಿನಲ್ಲಿ ಏನು ಮೊಳೆಯುತ್ತದೆ, ಸ್ವಾತಿಯ ಹೊತ್ತಿಗೆ ಯಾವುದು ಕೊಯ್ಲಿಗೆ ಬರುತ್ತದೆ ಎಂದು ರೈತನ ಮನೆಯ ಮಗು ಕೇಳಿಕೇಳಿಯೇ ಕಲಿಯುತ್ತಿತ್ತು. ಹೊರಗಿನ ದೇಶಗಳು ಹೊಸದಾಗಿ ಕಟ್ಟಿಕೊಂಡ ಋತುಪಠ್ಯ ಇಲ್ಲಿನ ಗೋಡೆಯ ಪಂಚಾಂಗದಲ್ಲೇ ಇದೆ.

ಈಗ ಏನೇನಿದೆ

ಸದ್ಯದ ವ್ಯವಸ್ಥೆಯಲ್ಲಿ ಕೊರತೆ ಕಾರ್ಯಕ್ರಮಗಳದ್ದಲ್ಲ, ಅವು ಸಿಗುವ ವಯಸ್ಸು ಮತ್ತು ಕಾಲದ್ದು. ಅರಣ್ಯ ಇಲಾಖೆಯ ‘ಚಿಣ್ಣರ ವನ ದರ್ಶನ’ ಶಾಲಾ ಮಕ್ಕಳನ್ನು ಕಾಡಿಗೆ ಕರೆದೊಯ್ಯುತ್ತದೆ. ಕಾಡಂಚಿನ ಸರ್ಕಾರಿ ಶಾಲೆಗಳ ಮಕ್ಕಳಿಗೆ ಅದು ನಿಜವಾದ ಅವಕಾಶ, ಆದರೆ ದೊಡ್ಡ ತರಗತಿಗಳವರಿಗೆ, ಅದೂ ಒಮ್ಮೆ. ಮೈಸೂರಿನ ಕಾರಂಜಿ ಕೆರೆ ದಡದ ಪ್ರಾದೇಶಿಕ ಪ್ರಾಕೃತಿಕ ವಿಜ್ಞಾನ ವಸ್ತುಸಂಗ್ರಹಾಲಯ 1995ರಿಂದ ಮಕ್ಕಳಿಗೆ ನಿಸರ್ಗದ ಚಟುವಟಿಕೆ ನಡೆಸುತ್ತಿದೆ. ಬೆಂಗಳೂರಿನಲ್ಲಿ ‘ನೆರಳು’ ಎಂಬ ಮರಗಳ ಹಬ್ಬ 2014ರಲ್ಲಿ ಶುರುವಾಯಿತು. ಸರ್ಕಾರಿ ಶಾಲೆಗಳಿಗೆ ಬ್ಯಾಗಿಲ್ಲದ ‘ಸಂಭ್ರಮ ಶನಿವಾರ’ ಬಂದಿದೆ. ಅಂದು ಮಕ್ಕಳು ಹೊರಗೆ ಹೋಗುತ್ತಾರೋ ಒಳಗೇ ಚಾರ್ಟ್ ಅಂಟಿಸುತ್ತಾರೋ ಎಂಬುದು ಆಯಾ ಶಿಕ್ಷಕರ ಮೇಲೆ ನಿಂತಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿದ ಹತ್ತು ಬ್ಯಾಗ್‌ರಹಿತ ದಿನಗಳೂ ಆರರಿಂದ ಎಂಟನೇ ತರಗತಿಯವರಿಗೇ.

ನಗರದ ಖಾಸಗಿ ಶಿಬಿರಗಳು ಎಳೆಯರನ್ನೂ ಸೇರಿಸಿಕೊಳ್ಳುತ್ತವೆ. ಶುಲ್ಕ ಕೊಡಬಲ್ಲವರಿಗೆ ಐದು ದಿನದ ಕೆಸರಾಟ, ಕೊನೆಗೊಂದು ಸರ್ಟಿಫಿಕೇಟು. ಮಗು ಒಂದು ಮರದ ಹೆಸರು ಕಲಿಯುವಷ್ಟರಲ್ಲಿ ಶಿಬಿರ ಮುಗಿದಿರುತ್ತದೆ. ಆ ಮರ ಎಲೆ ಉದುರಿಸುವುದನ್ನು, ಚಿಗುರುವುದನ್ನು ಅದು ನೋಡುವುದೇ ಇಲ್ಲ.

ಈ ದೌರ್ಬಲ್ಯಕ್ಕೆ ಸರಳ ಉತ್ತರವೊಂದು ಈಗಾಗಲೇ ಇದೆ. ‘ಸೀಸನ್‌ವಾಚ್’ ಎಂಬ ದೇಶವ್ಯಾಪಿ ಯೋಜನೆಯಲ್ಲಿ ಯಾರು ಬೇಕಾದರೂ ಒಂದು ಮರ ಆರಿಸಿಕೊಂಡು ವಾರಕ್ಕೊಮ್ಮೆ ಅದರ ಚಿಗುರು, ಹೂ, ಕಾಯಿ ಎಷ್ಟಿದೆ ಎಂದು ದಾಖಲಿಸಬಹುದು. ಕೇರಳದ ಶಾಲೆಗಳು ಇದನ್ನು ಮನಸ್ಸಿಟ್ಟು ಮಾಡಿವೆ. ಮೈಸೂರಿನ ನೇಚರ್ ಕನ್ಸರ್ವೇಷನ್ ಫೌಂಡೇಷನ್‌ನ ‘ಅರ್ಲಿ ಬರ್ಡ್’ ಬಳಗ ಮಕ್ಕಳಿಗಾಗಿ ಹಕ್ಕಿಗಳ ಸಾಮಗ್ರಿಯನ್ನು ಕನ್ನಡದಲ್ಲೂ ತಂದಿದೆ. ಮರವೊಂದನ್ನು ಹೀಗೆ ಗಮನಿಸಲು ಬಯಲುಸೀಮೆಯ ಯಾವ ಊರಲ್ಲೂ ಸಿಗುವ ಹೊಂಗೆ ಮರ ಸಾಕು. ಶಿವರಾತ್ರಿಯ ಆಸುಪಾಸು ಎಲೆ ಉದುರಿಸಿ, ಯುಗಾದಿ ಹೊತ್ತಿಗೆ ಎಣ್ಣೆ ಸವರಿದಂಥ ಎಳೆಹಸಿರು ತೊಟ್ಟು, ಆಮೇಲೆ ಹೂವನ್ನು ಅಕ್ಕಿಕಾಳಿನಂತೆ ಬುಡದ ಸುತ್ತ ಚೆಲ್ಲುತ್ತದೆ. ಬೇಸಿಗೆಯಲ್ಲಿ ಅದರ ಬುಡದ ಪುಡಿಮಣ್ಣಿನಲ್ಲಿ ಗುಬ್ಬಚ್ಚಿ ಹುಳ ಲಾಳಿಕೆಯಂಥ ಗುಳಿ ತೋಡಿ ಇರುವೆಗೆ ಹೊಂಚುತ್ತದೆ. ಅದೇ ಜಾಗಕ್ಕೆ ಮಳೆಗಾಲದಲ್ಲಿ ಹೋದರೆ ಗುಳಿ ಇಲ್ಲ. ಎಲ್ಲಿ ಹೋಯಿತು ಎಂಬ ಪ್ರಶ್ನೆ ಎರಡು ಸಲ ಹೋದ ಮಗುವಿಗೆ ಮಾತ್ರ ಹುಟ್ಟುತ್ತದೆ.

ಉಣುಗು, ಹಾವು, ಬಿಸಿಲು

ಭಯಗಳು ಸುಳ್ಳಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಉಣುಗುಗಳಿಂದ ಹರಡುತ್ತದೆ. ಅದರ ಕಾಲ ಹೆಚ್ಚುಕಡಿಮೆ ಡಿಸೆಂಬರಿನಿಂದ ಮೇ ತಿಂಗಳವರೆಗೆ. ಅಂದರೆ ಮಲೆನಾಡಿನ ಕಾಡಿಗೆ ಮಕ್ಕಳನ್ನು ಕರೆದೊಯ್ಯುವ ಬೇಸಿಗೆ ಶಿಬಿರ ಆ ಕಾಯಿಲೆಯ ಕಾಲದೊಳಗೇ ಬೀಳುತ್ತದೆ. ಮಂಗ ಸತ್ತ ಸುದ್ದಿ ಬಂದ ಕಡೆ ಮಕ್ಕಳನ್ನು ಕಾಡಿಗೆ ಒಯ್ಯಲೇಬಾರದು. ಜೂನ್ ಮಳೆ ಹಿಡಿದ ಮೇಲೆ ಉಣುಗಿನ ಕಾಟ ಇಳಿದು ಇಂಬಳದ ಕಾಟ ಏರುತ್ತದೆ. ಇಂಬಳ ರಕ್ತ ಹೀರುತ್ತದೆ, ಆದರೆ ಮಂಗನ ಕಾಯಿಲೆ ಹರಡುವುದಿಲ್ಲ. ಎಲೆರಾಶಿಗೆ, ಬಿಲಕ್ಕೆ, ಕಲ್ಲಿನ ಸಂದಿಗೆ ಕೈ ಹಾಕಬಾರದು, ಮೊದಲು ಹಿರಿಯರು ಕೋಲಿನಿಂದ ನೆಲ ತಟ್ಟಬೇಕು ಎಂಬ ನಿಯಮವನ್ನು ಮೂರು ವರ್ಷದ ಮಗುವೂ ಕಲಿಯುತ್ತದೆ. ಸಿಡಿಲಿನ ಮೋಡ ಕಂಡರೆ ಒಳಗೆ. ಕಲಬುರಗಿ, ರಾಯಚೂರು ಸೀಮೆಯಲ್ಲಿ ಏಪ್ರಿಲ್, ಮೇ ತಿಂಗಳ ನಡಿಗೆ ಬೆಳಿಗ್ಗೆ ಎಂಟೂವರೆಯೊಳಗೆ ಮುಗಿಯಬೇಕು. ಜರ್ಮನಿಯವರು ಲಾಡಿಹುಳು, ಬಿರುಗಾಳಿಗೆ ನಿಯಮ ಮಾಡಿಕೊಂಡ ಹಾಗೆಯೇ ಇವೂ ನಿಯಮಗಳಷ್ಟೇ.

ಈ ನಿಯಮಗಳೊಂದಿಗೆ ಋತುವಿನ ಪಾಠವನ್ನು ವರ್ಷವಿಡೀ ನಡೆಸಬಲ್ಲ ಜಾಗ ಯಾವುದು? ಅಂಗನವಾಡಿ. ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರಲ್ಲಿ ದೇಶದ 33 ಕಡೆ ಪ್ರಯೋಗಕ್ಕೆ ಬಂದಾಗ ಕರ್ನಾಟಕದಲ್ಲಿ ಅದು ಶುರುವಾದದ್ದು ತಿ. ನರಸೀಪುರದಲ್ಲಿ. ಈಗ ರಾಜ್ಯದಲ್ಲಿ ಅರವತ್ತು ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ಹೆಸರಿನಲ್ಲೇ ಅಂಗಳವಿದೆ. ನಗರಗಳಲ್ಲಿ ಎಷ್ಟೋ ಕಡೆ ಅದು ಬಾಡಿಗೆಯ ಒಂದೇ ಕೋಣೆ, ಅಂಗಳವೇ ಇಲ್ಲ ಎಂಬುದೂ ನಿಜ. ಕಾರ್ಯಕರ್ತೆಗೆ ಆಹಾರ ಹಂಚಿಕೆ, ತೂಕ, ಸಮೀಕ್ಷೆ, ಪೋಷಣ್ ಟ್ರ್ಯಾಕರ್ ಎಲ್ಲ ಹೊರೆಯಿದೆ. ಅದರ ಮೇಲೆ ಇನ್ನೊಂದು ‘ಕಾರ್ಯಕ್ರಮ’ ಹೇರುವುದು ಅನ್ಯಾಯ. ‘ಚಿಲಿಪಿಲಿ’ ಚಟುವಟಿಕೆ ಪುಸ್ತಕದಲ್ಲಿ ಈಗಾಗಲೇ ಇರುವ ಗಿಡ, ಪ್ರಾಣಿ, ಮಳೆಯ ವಾರಗಳನ್ನು ಚಿತ್ರಪಟದಿಂದ ಬಾಗಿಲಾಚೆಗೆ ದಾಟಿಸಿದರೆ ಸಾಕು: ವಾರಕ್ಕೊಂದು ಬೆಳಿಗ್ಗೆ, ಮುಕ್ಕಾಲು ಗಂಟೆ, ಅದೇ ಮರ, ಅದೇ ಕೆರೆ ಏರಿ, ಜೊತೆಗೆ ಊರಿನ ಒಬ್ಬ ಅಜ್ಜಿಯೋ ತಾಯಿಯೋ. ಖರ್ಚಿನ ಬಾಬ್ತು ಎರಡೇ: ಮಕ್ಕಳಿಗೊಂದು ಪ್ಲಾಸ್ಟಿಕ್ ಕೊಪ್ಪೆ, ಮರಳಿ ಬಂದಾಗ ಕೈಕಾಲು ತೊಳೆಯಲು ನೀರು.

ಒಂದು ತಾಲ್ಲೂಕಿನಲ್ಲಿ ಚಿಗುರಿದ ಪದ್ಧತಿ ರಾಜ್ಯಕ್ಕೆಲ್ಲ ಹಬ್ಬಿದ ಉದಾಹರಣೆ ಕರ್ನಾಟಕದಲ್ಲೇ ಇದೆ. 1995ರಲ್ಲಿ ಹೆಗ್ಗಡದೇವನಕೋಟೆಯ ಕೆಲವು ಶಿಕ್ಷಕರು ರಿಷಿ ವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿ ಬಂದು ಕಟ್ಟಿದ ‘ನಲಿ-ಕಲಿ’ ಇಂದು ಸರ್ಕಾರಿ ಶಾಲೆಗಳ ಕಿರಿಯ ತರಗತಿಗಳ ಪದ್ಧತಿ. ಋತುವಿನ ಪಾಠಕ್ಕೂ ಅಂಥ ಒಂದು ತಾಲ್ಲೂಕು ಬೇಕು. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ, ಶಿಕ್ಷಣ ಇಲಾಖೆ, ಅರಣ್ಯ ಇಲಾಖೆ ಮೂರೂ ಸೇರಿ ಒಂದು ತಾಲ್ಲೂಕಿನ ಅಂಗನವಾಡಿಗಳಲ್ಲಿ ಒಂದು ಪೂರ್ತಿ ವರ್ಷ, ಜೂನ್‌ನಿಂದ ಮೇವರೆಗೆ, ಇದನ್ನು ನಡೆಸಿ ನೋಡಲಿ. ಮಕ್ಕಳ ತೂಕವನ್ನು ಹೇಗೂ ತಿಂಗಳು ತಿಂಗಳು ಬರೆದಿಡುತ್ತಾರೆ. ಹೊರಗೆ ಕಳೆದ ಗಂಟೆಗಳನ್ನೂ, ಮಗು ಗುರುತಿಸುವ ಗಿಡಗಳನ್ನೂ ಅದೇ ಪುಸ್ತಕದಲ್ಲಿ ಬರೆಯಲಿ. ಮೃಗಶಿರ ಮಳೆ ಹುಟ್ಟುವುದು ಜೂನ್ 7, 8ರ ಸುಮಾರಿಗೆ. ಬೇಸಿಗೆ ರಜೆ ಅಷ್ಟರಲ್ಲಿ ಮುಗಿದು, ಮಕ್ಕಳು ಬಂದು ಕೂತಿರುತ್ತಾರೆ.